ಕೂತು ಹೇಳುವ ಮೇಷ್ಟ್ರು

ಮೇಷ್ಟ್ರು ತೀರಿಕೊಂಡ ಸುದ್ದಿ ನನಗೆ ಮೊಬೈಲಿನಲ್ಲಿ ಬಂತು. ಮೂರನೇ ಪಿರಿಯಡ್ ಮುಗಿಸಿ ಸ್ಟಾಫ್ ರೂಮಿಗೆ ಬಂದು, ಒಂದು ಕೈಯಲ್ಲಿ ನೀರಿನ ಬಾಟಲಿ ಹಿಡಿದುಕೊಂಡೇ ಇನ್ನೊಂದರಲ್ಲಿ ಶಾಲೆಯ ಗ್ರೂಪ್ ತೆರೆದೆ. ಮೇಲೆ, ಬಿಸಿಯೂಟದ ಮಾಹಿತಿಯನ್ನು ಇವತ್ತೇ ಕಳಿಸಬೇಕೆಂಬ ಸೂಚನೆ. ಕೆಳಗೆ, ಯಾರೋ ಹಾಕಿದ ಶುಭೋದಯದ ಗುಲಾಬಿ. ಎರಡರ ನಡುವೆ ನಮ್ಮ ಇಂಗ್ಲಿಷ್ ಮೇಷ್ಟ್ರು. ‘ನಮ್ಮ ನಿವೃತ್ತ ಸಹೋದ್ಯೋಗಿಗಳು ಇಂದು ಬೆಳಿಗ್ಗೆ ನಿಧನರಾದರೆಂದು ತಿಳಿಸಲು ವಿಷಾದಿಸುತ್ತೇವೆ.’ ಅದರಡಿ ಮುಗಿದ ಕೈಗಳ ಸಾಲು. ಕೈ ಮುಗಿದವರಲ್ಲಿ ಇಬ್ಬರು ಅದರ ಬೆನ್ನಿಗೇ ಬಿಸಿಯೂಟದ ಮಾಹಿತಿಯನ್ನೂ ಕಳಿಸಿದ್ದರು. ತಪ್ಪು ಅನ್ನುವುದಿಲ್ಲ, ಇಲಾಖೆಯ ಕೆಲಸ ಯಾರ ಸಾವಿಗೂ ನಿಲ್ಲುವುದಿಲ್ಲ. ಆದರೆ ನನಗೆ ಅಳುವಿಗಿಂತ ಮೊದಲು ಸಿಟ್ಟು ಬಂತು. ಇಡೀ ಬಂಗಾರಪೇಟೆ ತಾಲ್ಲೂಕಿನಲ್ಲಿ ಸಾವಿನ ಸುದ್ದಿಯನ್ನು ಹೇಗೆ ಹೇಳಬೇಕು ಅಂತ ಗೊತ್ತಿದ್ದವರು ಅವರೊಬ್ಬರೇ. ಅವರ ಸುದ್ದಿಯೇ ಹೀಗೆ ಗುಲಾಬಿಯ ಪಕ್ಕ ಬಂದು ಬೀಳಬೇಕೆ?

ಅವರಿದ್ದಿದ್ದರೆ ಕನ್ನಡಕವನ್ನು ಹಣೆಗೇರಿಸಿ, ‘ಇದು ಸೇ, ಮೇಡಂ. ಟೆಲ್ ಅಲ್ಲ’ ಅನ್ನುತ್ತಿದ್ದರು.

ಈ ಎರಡು ಪದಗಳ ಮೇಲೆ ಅವರು ಮೂವತ್ತು ವರ್ಷ ಸಂಸಾರ ನಡೆಸಿದರು ಅಂದರೆ ಅತಿಶಯೋಕ್ತಿಯಲ್ಲ. ನಾನು ಅದೇ ಶಾಲೆಯ ಕನ್ನಡ ಟೀಚರು. ನನ್ನ ಒಂಬತ್ತನೇ ತರಗತಿಗೂ ಅವರ ಒಂಬತ್ತನೇ ತರಗತಿಗೂ ನಡುವೆ ಇದ್ದದ್ದು ಅರ್ಧ ಗೋಡೆ, ಮೇಲರ್ಧ ಬರೀ ಗಾಳಿ. ನಾನು ಈ ಕಡೆ ಸಂಧಿ ಬಿಡಿಸುತ್ತಿದ್ದರೆ ಆ ಕಡೆಯಿಂದ ಅವರ ಪಾಠ ಧಾರಾಳವಾಗಿ ಕೇಳುತ್ತಿತ್ತು. ಪ್ರತಿ ವರ್ಷ ಜೂನ್ ತಿಂಗಳ ಕೊನೆಗೆ ಈ ಪಾಠ ಬರುತ್ತಿತ್ತು. ಒಬ್ಬ ಹುಡುಗನನ್ನು ಎಬ್ಬಿಸಿ ಗೋಡೆಗೆ ಮುಖ ಮಾಡಿ ನಿಲ್ಲಿಸುತ್ತಿದ್ದರು. ‘ನಂಗೆ ಹಸಿವಾಗ್ತಿದೆ ಅನ್ನಪ್ಪಾ.’ ಹುಡುಗ ಗೋಡೆಗೆ ಹೇಳುತ್ತಿದ್ದ. ಕ್ಲಾಸು ನಗುತ್ತಿತ್ತು. ‘ಗೋಡೆ ಊಟ ಹಾಕ್ತಾ? ಇಲ್ಲ. ಅದು ಸೇ. ಈಗ ತಿರುಗಿ ನಿನ್ನ ಫ್ರೆಂಡ್ ಹತ್ರ ಹೋಗಿ ಅನ್ನು.’ ಹುಡುಗ ಗೆಳೆಯನ ಮುಂದೆ ಹೋಗಿ ನಿಂತು ಅದೇ ಮಾತು ಅನ್ನುತ್ತಿದ್ದ. ಗೆಳೆಯ ನಾಚಿಕೊಂಡು ನಗುತ್ತಿದ್ದ, ಇಲ್ಲವೇ ತನ್ನ ಟಿಫನ್ ಬಾಕ್ಸಿಗೆ ಕೈ ಹಾಕುತ್ತಿದ್ದ. ‘ನೋಡಿದ್ರಾ? ಇದು ಟೆಲ್. ಎದುರಿಗೆ ಒಂದು ಜೀವ ಬೇಕು. ಆ ಜೀವಕ್ಕೆ ಮಾತು ಹೋಗಿ ತಾಕಬೇಕು.’

ಮಕ್ಕಳಿಗೆ ಅವರು ಕೊಡುತ್ತಿದ್ದ ಉದಾಹರಣೆಗಳೆಲ್ಲ ನಮ್ಮ ಬಸ್ ಸ್ಟ್ಯಾಂಡಿನಲ್ಲೇ ಸಿಗುವಂಥವು. ಕಂಡಕ್ಟರು ‘ರಾಬರ್ಟ್‌ಸನ್‌ಪೇಟೆ, ರಾಬರ್ಟ್‌ಸನ್‌ಪೇಟೆ’ ಅಂತ ಕೂಗುತ್ತಾನಲ್ಲ, ಅವನು ಯಾರಿಗೂ ಟೆಲ್ ಮಾಡುತ್ತಿಲ್ಲ. ಬೂದಿಕೋಟೆಗೆ ಹೋಗಬೇಕಾದ ಮುದುಕಿ ಗೊತ್ತಿಲ್ಲದೆ ಹತ್ತಿದಾಗ ಅವನು ಹತ್ತಿರ ಬಂದು, ‘ಅಜ್ಜೀ, ಇದು ನಿಮ್ ಬಸ್ ಅಲ್ಲ, ಇಳೀರಿ’ ಅನ್ನುತ್ತಾನೆ, ಅದು ಟೆಲ್. ಸ್ಟೇಷನ್ನಿನ ಮೈಕು ಮೂರು ಭಾಷೆಯಲ್ಲಿ ಗಾಡಿ ತಡ ಅನ್ನುತ್ತದೆ, ಒಂದರಲ್ಲೂ ಟೆಲ್ ಮಾಡುವುದಿಲ್ಲ. ಒಮ್ಮೆ ಒಬ್ಬ ಚುರುಕು ಹುಡುಗ ಎದ್ದು, ‘ಸಾರ್, ಟೆಲ್ ಎ ಲೈ ಅಂತಾರಲ್ಲ ಸಾರ್, ಸುಳ್ಳಿಗೂ ಟೆಲ್ಲಾ?’ ಅಂದ. ಮೇಷ್ಟ್ರು, ‘ಸುಳ್ಳಿಗೂ ಒಬ್ಬ ಮನುಷ್ಯ ಬೇಕಪ್ಪಾ. ಗೋಡೆಗೆ ಯಾರಾದ್ರೂ ಸುಳ್ಳು ಹೇಳ್ತಾರಾ?’ ಅಂದರು. ಈ ಕಡೆ ನನ್ನ ಮಕ್ಕಳು ಸಂಧಿ ಮರೆತು ಕಿವಿ ನಿಮಿರಿಸಿಕೊಂಡು ಕೂತಿದ್ದರು. ನಾನೂ ಅಷ್ಟೇ.

ಊಟದ ಹೊತ್ತಿನಲ್ಲಿ ನಾನು ಕೆಣಕುತ್ತಿದ್ದೆ. ‘ಏನು ಮೇಷ್ಟ್ರೇ, ನಿಮ್ಮ ಇಂಗ್ಲಿಷಿನಲ್ಲಿ ಮಾತ್ರ ಇದೆ ಅನ್ನೋ ಹಾಗೆ ಆಡ್ತೀರ. ನಮ್ಮಲ್ಲೂ ಅನ್ನೋದು ಬೇರೆ, ಹೇಳೋದು ಬೇರೆ.’

‘ಇದೆ ಮೇಡಂ, ಯಾರು ಇಲ್ಲ ಅಂದ್ರು? ಆದ್ರೆ ನಿಮ್ಮ ಕನ್ನಡ ಬಹಳ ದಾರಾಳ. ಅದ್ರಲ್ಲಿ ಅಮ್ಮನೂ ಹೇಳ್ತಾಳೆ, ಮೈಕೂ ಹೇಳುತ್ತೆ.’

ಅವರ ಕನ್ನಡಕ್ಕೆ ತಮಿಳಿನ ಒಗ್ಗರಣೆ ಇತ್ತು. ಹುಟ್ಟಿ ಬೆಳೆದದ್ದು, ಕೊನೆಯವರೆಗೆ ಬಾಳಿದ್ದು ಕೆಜಿಎಫ್‌ನ ನಂದಿದುರ್ಗ ಗಣಿಯ ಕಾರ್ಮಿಕರ ‘ಲೈನ್’ ಅನ್ನುವ ಸಾಲುಮನೆಯಲ್ಲಿ. ಲೈನಿನಲ್ಲಿ ಅವರನ್ನು ವಾತ್ಯಾರ್ ಅನ್ನುತ್ತಿದ್ದರು, ನಮ್ಮೂರ ಕಡೆ ಇಂಗ್ಲಿಷ್ ಮೇಷ್ಟ್ರು. ಬೆಳಿಗ್ಗೆ ಮಾರಿಕುಪ್ಪಂನಿಂದ ಬರುವ ರೈಲುಗಾಡಿಯಲ್ಲಿ ಬಂಗಾರಪೇಟೆಗೆ ಇಳಿದು, ಅಲ್ಲಿಂದ ನಡೆದೇ ಶಾಲೆಗೆ ಬರುತ್ತಿದ್ದರು. ಕುಳ್ಳು, ಗುಂಗುರು ಕೂದಲು, ಅಂಗಿಯ ಜೇಬಿನ ತುಂಬ ಸೀಮೆಸುಣ್ಣದ ಪುಡಿ. ಶನಿವಾರ ಅರ್ಧ ದಿನದ ಶಾಲೆ ಮುಗಿದ ಮೇಲೆ ಗಾಡಿ ಬರುವ ತನಕ ಪಾನಿಪೂರಿ ತಿನ್ನುವುದೊಂದೇ ಅವರಿಗಿದ್ದ ಚಟ. ನಮ್ಮ ಬಂಗಾರಪೇಟೆ ಪಾನಿಪೂರಿಯ ನೀರು ಬಣ್ಣವೇ ಇಲ್ಲದೆ ತಿಳಿಯಾಗಿರುತ್ತದೆ, ಬಾಯಿಗಿಟ್ಟರೆ ಮಾತ್ರ ಕಣ್ಣಲ್ಲಿ ನೀರು. ಅದನ್ನು ತಿಂದು ಮೂಗು ಒರೆಸಿಕೊಳ್ಳುತ್ತಾ, ‘ಇನ್ನೊಂದು ಹಾಕಪ್ಪಾ, ಇನ್ನೂ ಸರಿಯಾಗಿ ಅಳು ಬಂದಿಲ್ಲ’ ಅಂತ ಪಾನಿಪೂರಿಯವನನ್ನು ನಗಿಸುತ್ತಿದ್ದರು.

ಆ ಎರಡು ಪದಗಳ ವ್ಯತ್ಯಾಸ ಬರೀ ಪಾಠವಲ್ಲ ಅಂತ ನನಗೆ ಗೊತ್ತಾದದ್ದು ಒಂದು ಹುಡುಗಿಯ ದೆಸೆಯಿಂದ. ಒಂಬತ್ತನೇ ತರಗತಿಯವಳು, ಬೂದಿಕೋಟೆ ಕಡೆಯ ಹಳ್ಳಿ. ಅವಳಪ್ಪ ದಿನಾ ಬೆಳಗಿನ ಗಾಡಿಗೆ ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೋಗಿ ಬರುತ್ತಿದ್ದ. ಒಂದು ದಿನ ಮಧ್ಯಾಹ್ನ ಶಾಲೆಗೆ ಫೋನು ಬಂತು. ಅವನು ಕಟ್ಟುತ್ತಿದ್ದ ಕಟ್ಟಡದ ಮೇಲಿಂದ ಬಿದ್ದು ಹೋಗಿಬಿಟ್ಟಿದ್ದ. ಹುಡುಗಿಯನ್ನು ಮನೆಗೆ ಕಳಿಸಬೇಕು. ಆಗಿನ ಹೆಡ್ ಮಾಸ್ಟರು ನಮ್ಮ ಕಡೆ ಎಲ್ಲರೂ ಮಾಡುವುದನ್ನೇ ಮಾಡಹೊರಟರು. ‘ಅವಳ ಅಜ್ಜೀಗೆ ಸೀರಿಯಸ್ ಅಂತ ಹೇಳಿ ಬಸ್ ಹತ್ತಿಸ್ಬಿಡಿ’ ಅಂದರು. ನಮ್ಮಲ್ಲಿ ಸತ್ತವರನ್ನು ಸತ್ತರು ಅನ್ನುವುದಿಲ್ಲ. ದೂರದವರಿಗೆ ‘ಸೀರಿಯಸ್ಸು, ಬೇಗ ಬಾ’ ಅನ್ನುತ್ತೇವೆ. ಮಗು ಆದರೆ ಬೇರೆ ಯಾರದೋ ಹೆಸರು ಹೇಳಿ ಕರೆಸುತ್ತೇವೆ. ಉಳಿದದ್ದು ಮನೆಯ ಮುಂದೆ ಸೇರಿದ ಜನವನ್ನು ನೋಡಿದಾಗ ತಾನಾಗೇ ಗೊತ್ತಾಗುತ್ತದೆ. ಇದು ದಯೆ ಅಂತಲೇ ನಾನೂ ನಂಬಿದ್ದೆ.

ಮೇಷ್ಟ್ರು ಒಪ್ಪಲಿಲ್ಲ. ‘ಬೇಡ ಸಾರ್, ನಾನು ಹೇಳ್ತೀನಿ’ ಅಂದರು.

‘ಎಳೇ ಮಗು ಮೇಷ್ಟ್ರೇ. ಬಸ್ಸಲ್ಲಿ ಹೋಗೋವಷ್ಟು ಹೊತ್ತಾದ್ರೂ ನೆಮ್ಮದಿಯಾಗಿ ಹೋಗ್ಲಿ’ ಅಂದೆ ನಾನು.

ಅವರು ನನ್ನ ಕಡೆ ತಿರುಗಿದರು. ‘ಬಸ್ಸಲ್ಲಿ ಅವಳು ಅಜ್ಜಿಗೋಸ್ಕರ ಅಳ್ತಾ ಹೋಗ್ತಾಳೆ ಮೇಡಂ. ಮನೆ ಹತ್ರ ಇಳಿದಾಗ ಬಾಗಿಲಲ್ಲಿ ಅಜ್ಜಿ ನಿಂತಿರ್ತಾಳೆ. ಅಬ್ಬಾ, ಅಜ್ಜಿ ಬದುಕಿದಾಳೆ ಅಂತ ಈ ಮಗೂಗೆ ಒಂದು ನಿಮಿಷ ಖುಷಿ ಆಗುತ್ತಲ್ಲ, ಅಪ್ಪನ ಹೆಣದ ಮುಂದೆ ಪಟ್ಟ ಆ ಖುಷೀನ ಅವಳು ಸಾಯೋ ತನಕ ಮರೀತಾಳಾ?’

ಅವರು ಹುಡುಗಿಯನ್ನು ಹೊಂಗೆ ಮರದ ಕೆಳಗಿನ ಕಲ್ಲು ಬೆಂಚಿಗೆ ಕರೆದುಕೊಂಡು ಹೋಗಿ ಕೂರಿಸಿದರು. ತಾವು ಬೆಂಚಿನ ಮೇಲೆ ಕೂರಲಿಲ್ಲ. ಅವಳ ಎದುರು ನೆಲದ ಮೇಲೆ, ಮಣ್ಣಿನಲ್ಲೇ ಚಕ್ಕಳಮಕ್ಕಳ ಹಾಕಿ ಕೂತರು. ನಾನು ಸ್ಟಾಫ್ ರೂಮಿನ ಕಿಟಕಿಯಲ್ಲಿ ನಿಂತು ನೋಡುತ್ತಿದ್ದೆ. ಅವರು ಹೆಚ್ಚೇನೂ ಮಾತಾಡಿದ ಹಾಗೆ ಕಾಣಲಿಲ್ಲ. ಹುಡುಗಿ ಅಳಲಿಲ್ಲ, ಸುಮ್ಮನೆ ಅವರ ಮುಖವನ್ನೇ ನೋಡುತ್ತಿದ್ದಳು. ಬಹಳ ಹೊತ್ತಿನ ಮೇಲೆ ಏನೋ ಕೇಳಿದಳು. ಅವರು ತಲೆಯಾಡಿಸಿ, ಅದನ್ನೇ ಮತ್ತೆ ಹೇಳಿದರು ಅಂತ ಕಾಣುತ್ತದೆ. ಆಗ ಅವಳು, ‘ಸಾರ್, ನನ್ ಬ್ಯಾಗು ಕ್ಲಾಸಲ್ಲೇ ಐತೆ’ ಅಂದಳಂತೆ. ನನ್ನನ್ನು ಕೈಸನ್ನೆ ಮಾಡಿ ಕರೆದು ಬ್ಯಾಗು ತರಿಸಿಕೊಂಡರು. ಅವಳ ಬಳಿಯಿಂದ ಮಾತ್ರ ಏಳಲಿಲ್ಲ. ಅವಳ ಜೊತೆಯಲ್ಲೇ ಬಸ್ಸಿನಲ್ಲಿ ಊರಿಗೆ ಹೋದರು. ಮರುದಿನ ಶಾಲೆಗೆ ಬಂದಾಗ ಮೈಮೇಲೆ ಅದೇ ಅಂಗಿ, ಅದೇ ಮಣ್ಣು ಮೆತ್ತಿದ ಪ್ಯಾಂಟು.

ಅದಾದ ಮೇಲೆ ಇದು ಅವರ ಪಾಲಿನ ಕೆಲಸವೇ ಆಗಿಹೋಯಿತು. ಮೊದಲು ಶಾಲೆಯ ಮಕ್ಕಳಿಗೆ, ಆಮೇಲೆ ಹಳೇ ಮಕ್ಕಳ ಮನೆಗಳಿಗೆ, ಆಮೇಲೆ ಸಂಬಂಧವೇ ಇಲ್ಲದವರಿಗೂ. ದಿನಾ ಸಾವಿರಾರು ಜನ ಕೆಲಸಕ್ಕೆ ಬೆಂಗಳೂರಿಗೆ ಹೋಗಿ ಬರುವ ಊರು ನಮ್ಮದು. ಹೋದವರೆಲ್ಲ ಸಂಜೆ ವಾಪಸು ಬರುತ್ತಾರೆ ಅಂತೇನೂ ಇಲ್ಲ. ಪಂಚಾಯಿತಿ ಮೆಂಬರು, ಹಾಲಿನ ಡೈರಿಯ ಸೆಕ್ರೆಟರಿ ಎಲ್ಲರೂ, ‘ನಮ್ ಕೈಲಿ ಆಗಲ್ಲ, ಇಂಗ್ಲಿಷ್ ಮೇಷ್ಟ್ರನ್ನ ಕರ್ಕೊಂಡ್ ಬನ್ರಪ್ಪಾ’ ಅನ್ನುವವರೇ. ಕರೆದರೆ ಅವರು ಇಲ್ಲ ಅಂದವರಲ್ಲ. ಹೊಸ್ತಿಲಲ್ಲಿ ನಿಂತು ಹೇಳುತ್ತಿರಲಿಲ್ಲ. ಒಳಗೆ ಹೋಗಿ, ಮನೆಯವರನ್ನು ಕೂರಿಸಿ, ತಾವೂ ಕೂತು ಹೇಳುತ್ತಿದ್ದರು. ‘ನಮ್ಮನ್ನಗಲಿದರು’, ‘ಇನ್ನಿಲ್ಲ’ ಅಂತೆಲ್ಲ ಸುತ್ತಿ ಬಳಸುತ್ತಿರಲಿಲ್ಲ. ‘ತೀರಿಕೊಂಡ್ರು’ ಅನ್ನುತ್ತಿದ್ದರು. ಹತ್ತು ಸಲ ಕೇಳಿದರೆ ಹತ್ತು ಸಲವೂ ಅದನ್ನೇ, ಅಷ್ಟೇ ಮೆಲ್ಲಗೆ. ನೆಂಟರು ಯಾರಾದರೂ ಬರುವವರೆಗೆ ಅಲ್ಲಿಂದ ಕದಲುತ್ತಿರಲಿಲ್ಲ. ‘ಹೇಳಿದ್ಮೇಲೆ ಎದ್ದು ಬರ್ಬಾರ್ದು ಮೇಡಂ. ಎದ್ದು ಬಂದ್ರೆ ಅದು ಮತ್ತೆ ಸೇ ಆಗ್ಬಿಡುತ್ತೆ’ ಅನ್ನುತ್ತಿದ್ದರು.

ಇದರಿಂದ ಒಂದು ಪೇಚಾಟವೂ ಆಯಿತು. ಒಂದು ವರ್ಷ ನಮ್ಮ ಶಾಲೆಯ ಹುಡುಗಿಯೊಬ್ಬಳು ಎಸ್ಸೆಸ್ಸೆಲ್ಸಿಯಲ್ಲಿ ತಾಲ್ಲೂಕಿಗೇ ಹೆಚ್ಚು ಅಂಕ ತೆಗೆದಳು. ಕೂಲಿ ಮಾಡುವವರ ಮಗಳು. ಮೇಷ್ಟ್ರಿಗೆ ಸಂತೋಷ ತಡೆಯಲಾಗಲಿಲ್ಲ, ಬಿಸಿಲಲ್ಲೇ ಅವಳ ಹಳ್ಳಿಗೆ ಹೊರಟರು. ಬೀದಿ ತಿರುವಿನಲ್ಲಿ ಇವರು ಕಾಣಿಸಿದ್ದೇ ತಡ, ನಲ್ಲಿ ಹತ್ತಿರ ನೀರು ಹಿಡಿಯುತ್ತಿದ್ದ ಹುಡುಗಿಯ ತಾಯಿ ಬಿಂದಿಗೆಯನ್ನು ಅಲ್ಲೇ ಬಿಟ್ಟು, ‘ಅಯ್ಯೋ, ನನ್ ಗಂಡ ಓದ್ನಲ್ಲಪ್ಪೋ’ ಅಂತ ನೆಲಕ್ಕೆ ಕುಸಿದಳು. ಅಕ್ಕಪಕ್ಕದವರೆಲ್ಲ ಓಡಿ ಬಂದು ಅವಳ ಜೊತೆ ಅಳಲು ಶುರುವಿಟ್ಟರು. ಇವರು, ‘ಇಲ್ಲಮ್ಮಾ, ಫಸ್ಟ್ ಕ್ಲಾಸಮ್ಮಾ, ಫಸ್ಟ್ ಕ್ಲಾಸು’ ಅಂತ ಕಿರುಚಿದರೂ ಯಾರಿಗೆ ಕೇಳಬೇಕು? ಅಷ್ಟರಲ್ಲಿ ಗಂಡನೇ ಹೊಲದ ಕಡೆಯಿಂದ ಬಂದು, ‘ಯಾರ್ಗೇನಾಯ್ತ್ಲಾ?’ ಅಂತ ಕೇಳಿದನಂತೆ. ಸ್ಟಾಫ್ ರೂಮಿನಲ್ಲಿ ಇದನ್ನು ಹೇಳಿ ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಗುವಂತೆ ಮಾಡಿದರು. ಆಮೇಲೆ ನೋಡಿದರೆ ಅವರೊಬ್ಬರೇ ನಗುತ್ತಿರಲಿಲ್ಲ. ಅಂದಿನಿಂದ ಯಾರ ಮನೆಗೆ ಹೋದರೂ ಬೀದಿಯ ತುದಿಯಿಂದಲೇ ಎರಡೂ ಕೈ ಎತ್ತಿ, ‘ಏನೂ ಇಲ್ಲಮ್ಮಾ, ಎಲ್ಲಾ ಚೆನ್ನಾಗಿದಾರೆ, ಸುಮ್ನೆ ಬಂದೆ’ ಅಂತ ಕೂಗಿಕೊಂಡೇ ಹೋಗುತ್ತಿದ್ದರು. ಕೂಗದೆ ಬಂದ ದಿನ ಜನರಿಗೆ ಗೊತ್ತಾಗುತ್ತಿತ್ತು.

ಇದೆಲ್ಲ ಇವರಿಗೆ ಯಾಕೆ ಬೇಕು, ಇದರ ಮೂಲ ಎಲ್ಲಿ ಅಂತ ನಾನು ಒಮ್ಮೆ ಕೇಳಿಯೇಬಿಟ್ಟೆ. ಅದೂ ಒಂದು ಶನಿವಾರ. ಯಾರದೋ ಮನೆಗೆ ಹೋಗಿ ಬಂದಿದ್ದರು, ಪಾನಿಪೂರಿ ಗಾಡಿಯ ಕಡೆ ತಿರುಗಿಯೂ ನೋಡಲಿಲ್ಲ. ಪ್ಲಾಟ್‌ಫಾರಂ ಬೆಂಚಿನ ಮೇಲೆ ಮಾರಿಕುಪ್ಪಂ ಗಾಡಿಗೆ ಕಾಯುತ್ತ ಕೂತಾಗ ಹೇಳಿದರು.

ಅವರು ಆಗ ಹೈಸ್ಕೂಲಿನಲ್ಲಿದ್ದರು. ಅಪ್ಪ ಗಣಿಯೊಳಗೆ ಕೆಲಸ. ಒಂದು ಬೆಳಿಗ್ಗೆ ಭೂಮಿಯೊಳಗೆ ಬಂಡೆ ಸಿಡಿದು ಲೈನಿನ ಮನೆಗಳಲ್ಲೆಲ್ಲ ಪಾತ್ರೆಗಳು ಅಲುಗಿದವು. ಹೀಗಾದಾಗ ಹೆಂಗಸರೆಲ್ಲ ಹೊರಗೆ ಬಂದು ಬಾಗಿಲಲ್ಲಿ ನಿಲ್ಲುವುದು ರೂಢಿ. ಸ್ವಲ್ಪ ಹೊತ್ತಿಗೆ ಟೋಪಿ ಹಾಕಿದ ಗಣಿಯ ಸಾಹೇಬರೊಬ್ಬರು ಲೈನಿಗೆ ಬಂದರು. ಇವರ ಮನೆ ಮುಂದೆ ನಿಂತು ಟೋಪಿ ತೆಗೆದು ಇಂಗ್ಲಿಷಿನಲ್ಲಿ ಎರಡು ಮಾತು ಅಂದರು. ‘ಐ ಆಮ್ ಸಾರಿ ಟು ಸೇ’ ಅಂತ ಶುರು ಮಾಡಿದರಂತೆ. ಅಷ್ಟು ಅಂದು ಮುಂದಿನ ಮನೆಗೆ ಹೊರಟರು. ಅವರು ಹೋಗಬೇಕಾದ ಮನೆಗಳು ಇನ್ನೂ ಇದ್ದವು.

‘ಪಾವಂ, ಒಳ್ಳೇ ಮನುಷ್ಯನೇ ಮೇಡಂ. ಅವರ ತುಟಿ ನಡುಗ್ತಿತ್ತು. ಅವರಿಗೆ ತಮಿಳು ಬರ್ತಿರ್ಲಿಲ್ಲ, ನಮ್ಮಮ್ಮಂಗೆ ಇಂಗ್ಲಿಷ್ ಬರ್ತಿರ್ಲಿಲ್ಲ. ಆ ಬಾಗಿಲಲ್ಲಿ ಎರಡೂ ಬರ್ತಿದ್ದೋನು ನಾನೊಬ್ಬನೇ.’

ಅಮ್ಮ ಮಗನ ಕಡೆ ತಿರುಗಿ, ಏನಂದರು ಅಂತ ಕೇಳಿದಳು. ಮಗ ಹೇಳಿದ. ಅಮ್ಮ ನಂಬಲಿಲ್ಲ. ‘ನಿನಗೆ ಸರಿಯಾಗಿ ಅರ್ಥವಾಯಿತಾ? ಕಾಲಿಗೆ ಪೆಟ್ಟಾಗಿದೆ ಅಂದಿರಬೇಕು. ನಿನ್ನ ಇಂಗ್ಲಿಷು ಎಷ್ಟರದ್ದು, ಹೋದ ಸಲ ಎಷ್ಟು ಮಾರ್ಕು ಬಂದಿತ್ತು?’ ಅಂತ ಬೈಯತೊಡಗಿದಳು. ಹೆಣ ಮೇಲೆ ಬರುವ ತನಕ, ಸಂಜೆಯವರೆಗೂ, ಮಗನನ್ನು ಮತ್ತೆ ಮತ್ತೆ ಕೂರಿಸಿಕೊಂಡು ಕೇಳಿದಳು. ಸಾಹೇಬರು ಅಂದ ಇಂಗ್ಲಿಷನ್ನು ಹಾಗೇ ಅನ್ನಿಸಿ, ಅದರ ಅರ್ಥವನ್ನು ಮತ್ತೆ ಹೇಳಿಸಿದಳು. ನಡುವೆ ದೇವರ ಪಟದ ಮುಂದೆ ನಿಂತು, ತನ್ನ ಮಗನಿಗೆ ಇಂಗ್ಲಿಷ್ ಬರದಿರಲಿ, ಅವನು ಹೇಳಿದ್ದೆಲ್ಲ ತಪ್ಪಾಗಿರಲಿ ಅಂತ ಮಾರಿಯಮ್ಮನಿಗೆ ಹರಕೆ ಹೊತ್ತಳು.

‘ನಾನು ಇಂಗ್ಲಿಷಲ್ಲಿ ಫೇಲ್ ಆಗ್ಲಿ ಅಂತ ಹರಕೆ ಹೊತ್ತ ತಾಯಿ ಮೇಡಂ ನಮ್ಮಮ್ಮ. ಏನ್ ಮಾಡೋದು, ಪಾಸಾಗ್ಬಿಟ್ಟೆ’ ಅಂದು ನಕ್ಕರು. ಗಾಡಿ ಬಂತು. ಹತ್ತಿ, ಕಿಟಕಿಯಲ್ಲಿ ಮುಖ ಕಾಣಿಸದ ಹಾಗೆ ಆ ಕಡೆಯ ಸೀಟಿನಲ್ಲಿ ಕೂತರು. ನಾನು ನಮ್ಮೂರಿನ ಬಸ್ಸಿಗೆ ಹೋಗದೆ ಬಹಳ ಹೊತ್ತು ಆ ಬೆಂಚಿನ ಮೇಲೇ ಕೂತಿದ್ದೆ.

ನಿವೃತ್ತರಾದ ಮೇಲೆ ಅವರು ನಮ್ಮ ಕಡೆ ಬರುವುದು ಕಡಿಮೆಯಾಯಿತು. ಫೋನು ಮಾಡುತ್ತಿದ್ದರು. ‘ಮೇಡಂ, ನಿಮ್ಮ ಅರ್ಧ ಗೋಡೆ ಪೂರ್ತಿ ಆಯ್ತಾ?’ ಅಂತ ವಿಚಾರಿಸುತ್ತಿದ್ದರು. ಹೋದ ವರ್ಷ ಹೊಟ್ಟೆನೋವು ಅಂತ ಬೆಂಗಳೂರಿನ ಆಸ್ಪತ್ರೆಗೆ ಹೋಗಿ ಬಂದರು ಅಂತ ಕೇಳಿದೆ. ಒಂದು ಭಾನುವಾರ ಮನೆಯ ತುಪ್ಪ ತೆಗೆದುಕೊಂಡು ಹೊರಟೆ. ರಾಬರ್ಟ್‌ಸನ್‌ಪೇಟೆಯಲ್ಲಿ ಬಸ್ಸಿಳಿದು ಆಟೋ ಹಿಡಿದು ನಂದಿದುರ್ಗದ ಲೈನಿಗೆ ಹೋದರೆ ಅವರ ಹೆಂಡತಿ ಹೊರಗಡೆ ನಲ್ಲಿಯ ಹತ್ತಿರವೇ ನನ್ನನ್ನು ತಡೆದು ನಿಲ್ಲಿಸಿದರು. ಕಾಮಸಮುದ್ರದ ಕಡೆಯ ಹೆಣ್ಣುಮಗಳು, ದೊಡ್ಡ ದನಿ, ದೊಡ್ಡ ನಗು. ಮಕ್ಕಳಿಲ್ಲದ ಮನೆ ಅಂತ ಎಂದೂ ಅನ್ನಿಸದ ಹಾಗೆ ಅದನ್ನು ತಮ್ಮ ಮಾತಿನಿಂದಲೇ ತುಂಬಿಟ್ಟಿದ್ದವರು. ಅವತ್ತು ದನಿ ಗಂಟಲಿನಿಂದಾಚೆ ಬರುತ್ತಿರಲಿಲ್ಲ.

‘ಮೇಡಂ, ಅದು ಕ್ಯಾನ್ಸರ್ ಅಂತೆ. ಜಾಸ್ತಿ ದಿನ ಇಲ್ವಂತೆ. ಅವ್ರಿಗ್ ಗೊತ್ತಿಲ್ಲ. ಗ್ಯಾಸ್ಟ್ರಿಕ್ಕು ಅಂತ ಏಳಿದೀನಿ. ಬಾಯ್ತಪ್ಪಿ ಅಂದ್ಬಿಟ್ಟೀರಾ, ನಿಮ್ ಕಾಲಿಗ್ ಬೀಳ್ತೀನಿ.’

‘ಅಕ್ಕಾ, ಅವರಿಗೇ ಹೇಳದೆ ಇರೋದಾ?’ ಅಂದೆ.

‘ಊರೋರ್ಗೆಲ್ಲಾ ಏಳಿ ಬಂದು ರಾತ್ರಿಯೆಲ್ಲ ನಿದ್ದೆ ಮಾಡ್ತಿರ್ಲಿಲ್ಲ ಮೇಡಂ. ನೋಡ್ದೋಳು ನಾನು. ಇದೊಂದ್ನಾದ್ರೂ ಅವ್ರು ಕೇಳೋದು ಬ್ಯಾಡ.’

ಬಾಯಿ ಬಿಡುವುದಿಲ್ಲ ಅಂತ ಮಾತು ಕೊಟ್ಟೆ. ಒಳಗೆ ಹೋದೆ. ಮೇಷ್ಟ್ರು ಅರ್ಧಕ್ಕರ್ಧ ಇಳಿದುಹೋಗಿದ್ದರು. ಗ್ಯಾಸ್ಟ್ರಿಕ್ಕಿಗೆ ಏನೇನು ಪಥ್ಯ ಅಂತ ನಾನು ಹೇಳಿದೆ, ಅವರು ತಲೆಯಾಡಿಸಿದರು. ನಾನಿರುವಾಗಲೇ ಬಂದ ಅಕ್ಕಪಕ್ಕದವರು ಒಬ್ಬೊಬ್ಬರೂ ನಿಂತುಕೊಂಡೇ ‘ಬೇಗ ಹುಷಾರಾಗ್ತೀರ ವಾತ್ಯಾರೇ’ ಅಂದು ಹೋದರು. ಅವರೆಲ್ಲರಿಗೂ ನಲ್ಲಿಯ ಹತ್ತಿರ ಅಕ್ಕನ ತಾಕೀತು ಆಗಿತ್ತು ಅಂತ ಮುಖದಲ್ಲೇ ಕಾಣುತ್ತಿತ್ತು.

ಎರಡನೇ ಸಲ ಹೋದದ್ದು ಅದಾಗಿ ಸುಮಾರು ದಿನದ ಮೇಲೆ. ಅಕ್ಕ ಕಾಫಿಗೆ ಹಾಲು ಕಾಯಿಸಲು ಒಳಗೆ ಹೋದರು. ಮೇಷ್ಟ್ರು ದಿಂಬಿಗೆ ಒರಗಿಕೊಂಡು ಬಾಗಿಲ ಕಡೆ ಒಮ್ಮೆ ನೋಡಿದರು.

‘ಮೇಡಂ, ಎಲ್ಲಾರೂ ಬಂದು ಸೇ ಮಾಡಿ ಹೋಗ್ತಿದಾರೆ. ನೀವಾದ್ರೂ ಟೆಲ್ ಮಾಡಿ.’

‘ನಿಮಗೆ ಗೊತ್ತಲ್ಲ ಮೇಷ್ಟ್ರೇ’ ಅಂದುಬಿಟ್ಟೆ.

‘ಮೈಗೆ ಗೊತ್ತು. ಗೊತ್ತಾಗೋದು ಬೇರೆ ಮೇಡಂ. ನಂಗೆ ಯಾರೂ ಹೇಳಿಲ್ಲ.’

ಅಷ್ಟು ಮನೆಗಳಿಗೆ ಹೋಗಿ ಬಂದ ಮನುಷ್ಯ. ಈಗ ತಮ್ಮದೇ ಮನೆಯಲ್ಲಿ ಒಬ್ಬರೂ ಬಂದು ಹೇಳದೆ, ತಾವೂ ಏನೂ ಗೊತ್ತಿಲ್ಲದವರ ಹಾಗೆ ಪಥ್ಯದ ಅನ್ನ ತಿನ್ನುತ್ತಾ ಮಲಗಿದ್ದರು. ಒಳಗೆ ಪಾತ್ರೆಯ ಸದ್ದು ಕೇಳುತ್ತಿತ್ತು. ಅಕ್ಕನಿಗೆ ಕೊಟ್ಟ ಮಾತು ನೆನಪಿತ್ತು. ಆದರೆ ಇಷ್ಟು ನೇರವಾಗಿ ಕೇಳಿದವರ ಮುಂದೆ ಗ್ಯಾಸ್ಟ್ರಿಕ್ ಅನ್ನಲು ನನ್ನ ನಾಲಿಗೆ ಹೊರಳಲಿಲ್ಲ. ಸ್ಟೂಲನ್ನು ಮಂಚದ ಹತ್ತಿರಕ್ಕೆ ಎಳೆದುಕೊಂಡು ಕೂತೆ. ಹೇಳಿದೆ. ಕಾಯಿಲೆಯ ಹೆಸರು ಹೇಳಿದೆ, ಹೆಚ್ಚು ದಿನ ಇಲ್ಲ ಅನ್ನುವುದನ್ನೂ ಹೇಳಿದೆ. ಇಪ್ಪತ್ತು ವರ್ಷದಿಂದ ಮಾತೇ ನನ್ನ ಕಸುಬು. ಆದರೂ ಆ ನಾಲ್ಕು ಮಾತನ್ನು ಒಂದೊಂದಾಗಿ ಹುಡುಕಿ ಆಡಬೇಕಾಯಿತು. ಅವರು ಕಣ್ಣು ಮುಚ್ಚಿಕೊಂಡು ಕೇಳಿದರು. ಆಮೇಲೆ ನನ್ನ ಕೈ ಹಿಡಿದುಕೊಂಡು, ‘ಥ್ಯಾಂಕ್ಸ್ ಮೇಡಂ. ಚೆನ್ನಾಗಿ ಹೇಳಿದ್ರಿ’ ಅಂದರು. ಪಾಠ ಒಪ್ಪಿಸಿದ ಮಗುವಿಗೆ ಅನ್ನುವ ಹಾಗೆ.

ನಾನು ಅಳುತ್ತಿದ್ದೆ. ಅವರು ಅಳಲಿಲ್ಲ. ಅಡುಗೆಮನೆಯ ಕಡೆ ನೋಡಿ, ‘ಅವಳಿಗೆ ಯಾರು ಹೇಳಿದ್ರು?’ ಅಂತ ಕೇಳಿದರು.

‘ಆಸ್ಪತ್ರೆಯಲ್ಲಿ, ಡಾಕ್ಟ್ರು.’

‘ಕೂರಿಸಿ ಹೇಳಿದ್ರಾ? ಜೊತೇಲಿ ಯಾರಿದ್ರು?’

ಮೊದಲ ಸಲ ಹೋದಾಗ ಅಕ್ಕ ನಲ್ಲಿಯ ಹತ್ತಿರ ಹೇಳಿದ್ದನ್ನೆಲ್ಲ ಹೇಳಿದೆ. ಯಾರೂ ಇರಲಿಲ್ಲ. ಡಾಕ್ಟರಿಗೆ ಮುಂದಿನ ವಾರ್ಡಿನ ಅವಸರ. ವರಾಂಡದಲ್ಲಿ ನಡೆದುಕೊಂಡು ಹೋಗುತ್ತಲೇ ಹೇಳಿದ್ದರು. ಅಕ್ಕ ಅವರ ಹಿಂದೆ ಹಿಂದೆ ಹೆಜ್ಜೆ ಹಾಕುತ್ತಾ ಕೇಳಿಸಿಕೊಂಡಿದ್ದರು. ಆಮೇಲೆ ಮುಖ ತೊಳೆದುಕೊಂಡು ಒಳಗೆ ಬಂದು ಗ್ಯಾಸ್ಟ್ರಿಕ್ ಅಂತೆ ಅಂದಿದ್ದರು. ಅವತ್ತೇ ಸಂಜೆಯ ಗಾಡಿಯಲ್ಲಿ ಇಬ್ಬರೂ ಊರಿಗೆ ಬಂದಿದ್ದರು. ಮೇಷ್ಟ್ರು ಅಕ್ಕನ ಭುಜಕ್ಕೆ ಒರಗಿ ನಿದ್ದೆ ಮಾಡಿದ್ದರು. ಎಚ್ಚರವಾದೀತು ಅಂತ ಆಕೆ ದಾರಿಯುದ್ದಕ್ಕೂ ಬಿಕ್ಕದೆ, ಅಲುಗದೆ ಕೂತಿದ್ದರು.

‘ಒಬ್ಬಳೇನಾ?’ ಅಂದರು ಮೇಷ್ಟ್ರು. ‘ನಾನು ಪಕ್ಕದಲ್ಲೇ ಇದ್ದೆ ಮೇಡಂ. ನಿದ್ದೆ ಮಾಡ್ತಿದ್ದೆ.’

ತಮ್ಮ ಸಾವಿನ ಮಾತಿಗೆ ಬಾರದ ಕಣ್ಣೀರು ಆಗ ಬಂತು. ಅಂಗಿಯ ತೋಳಿನಿಂದ ಒರೆಸಿಕೊಂಡು, ಎಬ್ಬಿಸಿ ಕೂರಿಸುವಂತೆ ನನಗೆ ಸನ್ನೆ ಮಾಡಿದರು. ಬೆನ್ನಿಗೆ ಇನ್ನೊಂದು ದಿಂಬು ಕೊಟ್ಟೆ. ಒಳಗಡೆಗೆ ಹೆಂಡತಿಯನ್ನು ಕೂಗಿದರು. ಅಕ್ಕ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದು, ಬಾಗಿಲಲ್ಲೇ ನನ್ನ ಮುಖ ನೋಡಿದರು.

‘ಏಳ್ಬಿಟ್ರಾ ಮೇಡಂ?’

ಮೇಷ್ಟ್ರು ಮಂಚದ ಮೇಲೆ ತಮ್ಮ ಪಕ್ಕ ಜಾಗ ತೋರಿಸಿ, ‘ಬಾ, ಇಲ್ಲಿ ಕೂತ್ಕೋ’ ಅಂದರು.

‘ಒಲೆ ಮೇಲೆ ಆಲಿಟ್ಟಿದೀನಿ.’

‘ಉಕ್ಕಿದ್ರೆ ಉಕ್ಕಲಿ. ನಿಂಗೊಂದು ವಿಷ್ಯ ಹೇಳ್ಬೇಕು.’

‘ನಂಗೊತ್ತು. ನನ್ಗೇನ್ ಏಳ್ತೀರ ನೀವು?’

‘ನಿಂಗೊತ್ತು. ಆದ್ರೆ ನಿಂಗೆ ಯಾರೂ ಕೂತು ಹೇಳಿಲ್ಲ. ಬಾ.’

ಅಕ್ಕ ಬಂದು ಕೂತರು. ಮೇಷ್ಟ್ರು ಅವರ ಎರಡೂ ಕೈಗಳನ್ನು ತಮ್ಮ ಕೈಯೊಳಗೆ ತೆಗೆದುಕೊಂಡು, ಮೊದಲಿನಿಂದ ಹೇಳಿದರು. ನನಗೆ ಹೊಟ್ಟೆಯಲ್ಲಿ ಕ್ಯಾನ್ಸರ್ ಆಗಿದೆ. ಔಷಧಿಗೆ ಬಗ್ಗುವ ಹಂತ ದಾಟಿದೆ. ನಾನು ಹೆಚ್ಚು ದಿನ ಇರುವುದಿಲ್ಲ. ಅಷ್ಟೇ ಮೆಲ್ಲಗೆ, ಒಂದೊಂದೇ ಮಾತು, ನಡುನಡುವೆ ನಿಲ್ಲಿಸಿ, ಅವರ ಮುಖ ನೋಡಿಕೊಂಡು. ಅಕ್ಕ ಮೊದಲು ಬೇರೆಲ್ಲೋ ನೋಡುತ್ತಿದ್ದರು. ಮಾತು ಮುಗಿಯುವ ಹೊತ್ತಿಗೆ ಗಂಡನ ಕಡೆ ತಿರುಗಿದ್ದರು. ಹೊಸದಾಗಿ ಕೇಳಿದವರ ಹಾಗೆ, ‘ಅಂಗಂದ್ರಾ? ಏನೂ ಮಾಡಕ್ಕಾಗಲ್ವಂತಾ?’ ಅಂದರು.

‘ಆಗಲ್ವಂತೆ.’

‘ಏನೂ ಆಗಲ್ವಂತಾ?’

‘ಇಲ್ಲ. ಆಗಲ್ವಂತೆ.’

ಆಗ ಆ ಹೆಂಗಸು ಗಂಡನ ಎದೆಗೆ ತಲೆಯಿಟ್ಟು, ಲೈನಿನ ಆ ತುದಿಗೂ ಕೇಳುವ ಹಾಗೆ ಅತ್ತರು. ಇಷ್ಟು ದಿನ ಎಲ್ಲಿ ಅಡಗಿಸಿಟ್ಟಿದ್ದರೋ ಆ ದನಿಯನ್ನು. ಹಾಲು ಉಕ್ಕಿ ಸೀದ ವಾಸನೆ ಬಂತು. ನಾನು ಎದ್ದು ಅಡುಗೆಮನೆಗೆ ಹೋಗಿ ಒಲೆ ಆರಿಸಿ, ಅಲ್ಲೇ ಗೋಡೆಗೆ ಒರಗಿ ನಿಂತೆ. ಆ ಕಡೆಯಿಂದ ಮೇಷ್ಟ್ರ ದನಿ ಕೇಳಿಸುತ್ತಿತ್ತು.

‘ಅಳು, ಅಳ್ಬಿಡು. ನಾನಿಲ್ಲೇ ಇದೀನಲ್ಲ.’